ಮುರಿಯದ ಪಟ್ಟಿಯ ಷೇರು

ದಡ್ಡರನ್ನು ಕಂಡರೆ ನನಗೆ ಕೋಪ ಬರುವುದಿಲ್ಲ. ಅವರಿಗೆ ತಿಳಿಯದು, ಏನೋ ಮಾಡಿಕೊಳ್ಳುತ್ತಾರೆ, ಪಾಪ. ಎಲ್ಲ ತಿಳಿದೂ ದಡ್ಡರಾಗುವವರನ್ನು ಕಂಡರೆ ಮಾತ್ರ ನನಗೆ ಅಡಿಯಿಂದ ಮುಡಿಯವರೆಗೆ ಉರಿಯುತ್ತದೆ. ಅಂಥವರ ಸಭೆ ಸೇರಿಸಿದರೆ ನಡುವಿನ ದೊಡ್ಡ ಕುರ್ಚಿಯಲ್ಲಿ ಕೂರಿಸಬೇಕಾದವನು ನಮ್ಮ ಮುರಿಯಣ್ಣ.

ಮುರಿಯಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಾವು ಅಂಟಿಸಿದ್ದು. ಅವನೂ ನಾನೂ ಕೆಲಸ ಮಾಡುವುದು ಒಂದು ಪರೀಕ್ಷಾ ಕೇಂದ್ರದಲ್ಲಿ. ಕಟ್ಟಡ ಕಟ್ಟುವವರು, ಹಗ್ಗ ಹೊಸೆಯುವವರು, ಪೈಪು ಮಾಡುವವರು, ಏಣಿ ಮಾರುವವರು ತಮ್ಮ ಸರಕು ಎಷ್ಟು ಭಾರ ತಾಳುತ್ತದೆ ಎಂದು ತಿಳಿಯಲು ನಮ್ಮಲ್ಲಿಗೆ ಸ್ಯಾಂಪಲ್ ಕಳಿಸುತ್ತಾರೆ. ಮುರಿಯಣ್ಣ ಅದನ್ನು ಯಂತ್ರದ ಬಾಯಿಗೆ ಕೊಟ್ಟು ಪುಡಿಯಾಗುವವರೆಗೂ ಒತ್ತುತ್ತಾನೆ, ಇಲ್ಲವೇ ತುಂಡಾಗುವವರೆಗೂ ಎಳೆಯುತ್ತಾನೆ. ಎಷ್ಟಕ್ಕೆ ಮುರಿಯಿತು ಎಂದು ಚೀಟಿಯಲ್ಲಿ ಬರೆದು ಕೊಡುತ್ತಾನೆ. ಪ್ಲೈವುಡ್ ಗೋಡೆಯ ಈಚೆ ಕೂತ ನಾನು ಅದನ್ನು ರಿಪೋರ್ಟಾಗಿ ಟೈಪು ಮಾಡುತ್ತೇನೆ. ಅವನು ಮುರಿಯಲು ಹಿಡಿದು ಇಪ್ಪತ್ತೇಳು ವರ್ಷವಾಯಿತು, ನಾನು ಟೈಪು ಮಾಡಲು ಹಿಡಿದು ಇಪ್ಪತ್ತನಾಲ್ಕು. ಆ ಕಟ್ಟಡದಲ್ಲಿರುವ ಹೆಂಗಸು ನಾನೊಬ್ಬಳೇ. ಗಂಡನಿಲ್ಲ, ಮಕ್ಕಳಿಲ್ಲ. ಇರುವುದು ನಾಲಿಗೆಯೊಂದೇ, ಅದನ್ನು ಚೆನ್ನಾಗಿ ಸಾಕಿದ್ದೇನೆ.

ಗೋಡೆಯ ಆಚೆಯಿಂದ ಬರುವ ಸದ್ದಿನಲ್ಲೇ ಏನು ಮುರಿಯಿತು ಎಂದು ನಾನು ಹೇಳಬಲ್ಲೆ. ಕಾಂಕ್ರೀಟ್ ಕ್ಯೂಬ್ ಆದರೆ ಧೊಪ್ಪೆಂದು ಕುಸಿಯುತ್ತದೆ, ಆಮೇಲೆ ಜಲ್ಲಿ ಉದುರುವ ಸದ್ದು. ಕಬ್ಬಿಣದ ಸರಳು ಬಹಳ ಹೊತ್ತು ಗಪ್‌ಚಿಪ್ಪಾಗಿದ್ದು ಒಂದೇ ಏಟಿಗೆ ಸಿಡಿಯುತ್ತದೆ, ನನ್ನ ಮೇಜಿನ ಮೇಲಿನ ಲೋಟ ನಡುಗುತ್ತದೆ. ಹಲಗೆ ಮಾತ್ರ ಮೊದಲೇ ಕಿರಗುಟ್ಟಿ ಸೂಚನೆ ಕೊಟ್ಟು ಮುರಿಯುತ್ತದೆ.

ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ. ಹೊಟ್ಟೆ ಉರಿದರೂ ಒಪ್ಪುತ್ತೇನೆ. ಇಟ್ಟಿಗೆ ಭಟ್ಟಿಯವರು ಚೆಂದದ ಹತ್ತು ಇಟ್ಟಿಗೆ ಆರಿಸಿ, ಒರೆಸಿ, ಕಾಗದ ಸುತ್ತಿ ತಂದರೆ ಇವನು ಮುಟ್ಟುವುದಿಲ್ಲ. ತಾನೇ ಭಟ್ಟಿಗೆ ಹೋಗಿ, ರಾಶಿಯ ಹೊಟ್ಟೆಯೊಳಗೆ ಕೈ ಹಾಕಿ, ಮೂಲೆಯಲ್ಲಿ ಮರೆಯಾಗಿರುವುದನ್ನೇ ಕಿತ್ತು ತರುತ್ತಾನೆ. "ನೀವು ಕೊಟ್ಟಿದ್ದು ನನಗೆ ಬೇಡ, ನೀವು ಕೊಡೋಕೆ ಇಷ್ಟಪಡದೇ ಇರೋದನ್ನ ಕೊಡಿ" ಎನ್ನುತ್ತಾನೆ. ದೂರದ ಗಿರಾಕಿಗಳು ತಾವೇ ಸ್ಯಾಂಪಲ್ ಆರಿಸಿ ತಂದಾಗ ರಿಪೋರ್ಟಿನ ಅಡಿಯಲ್ಲಿ ಒಂದು ಸಾಲು ಬರಲೇಬೇಕು: "ಈ ಸ್ಯಾಂಪಲ್ ಅನ್ನು ಗ್ರಾಹಕರೇ ಆರಿಸಿ ತಂದಿದ್ದಾರೆ. ಫಲಿತಾಂಶ ಈ ಸ್ಯಾಂಪಲ್‌ಗೆ ಮಾತ್ರ ಅನ್ವಯ." ಒಮ್ಮೆ ನಾನು ಆ ಸಾಲನ್ನು ಮರೆತೆನೆಂದು ಹದಿನೆಂಟು ಪುಟದ ರಿಪೋರ್ಟನ್ನು ನನ್ನ ಮೇಜಿನ ಮೇಲೆ ಕುಕ್ಕಿ ಹೋದ. ಒಂದು ವಾರ ನಾನು ಅವನ ಮುಖ ನೋಡಲಿಲ್ಲ.

ಈ ಚಾಳಿ ಕೆಲಸದ ಹೊರಗೂ ಅವನನ್ನು ಬಿಟ್ಟಿರಲಿಲ್ಲ. ಈರುಳ್ಳಿ ಕೊಳ್ಳಲು ಹೋದರೆ ರಾಶಿಯ ತಳದಿಂದಲೇ ಎಳೆಯಬೇಕು. ಇಡೀ ರಾಶಿ ಉರುಳಿ ರಸ್ತೆ ತುಂಬ ಈರುಳ್ಳಿಯಾಗಿ, ಮಾರುವವಳು ಇವನ ಮೂರು ತಲೆಮಾರನ್ನು ಬೈದಿದ್ದನ್ನು ಕಿವಿಯಾರೆ ಕೇಳಿದ್ದೇನೆ. ಯಾರನ್ನೂ ನಂಬದವನು ಎಂಬುದೇ ಅವನ ಒಡವೆ, ಅದನ್ನು ಹಾಕಿಕೊಂಡೇ ತಿರುಗುತ್ತಿದ್ದ.

ಅವನ ಹೆಂಡತಿ ಬಟ್ಟೆ ಹೊಲಿಯುವವಳು. ನನ್ನ ಬಟ್ಟೆಯನ್ನೆಲ್ಲ ಹೊಲಿಯುವವಳೂ ಅವಳೇ, ಹಾಗಾಗಿ ಆ ಮನೆ ನನಗೆ ಚೆನ್ನಾಗಿ ಗೊತ್ತು. ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ, ಎಪ್ಪತ್ತೆರಡು ಮೆಟ್ಟಿಲು. ಇಪ್ಪತ್ತು ವರ್ಷ ಮಿಷನ್ ತುಳಿದು ಅವಳ ಮಂಡಿ ಎರಡೂ ಸವೆದಿವೆ. ಗಿರಾಕಿಗಳು ಮೇಲೆ ಹತ್ತುವುದಿಲ್ಲ, ಅಳತೆ ತೆಗೆಯಲು ಇವಳೇ ಇಳಿದು ಮನೆಮನೆಗೆ ಹೋಗಬೇಕು, ಚೀಲ ಹೊತ್ತು ಮತ್ತೆ ಹತ್ತಬೇಕು. ಪ್ರತಿ ಮಹಡಿಯಲ್ಲೂ ಮೆಟ್ಟಿಲ ಮೇಲೆ ಕೂತು ಮಂಡಿ ನೀವಿಕೊಂಡು ಮುಂದಿನದಕ್ಕೆ ಏಳುತ್ತಾಳೆ. ಮಂಡಿ ಹೀಗೇ ಹೋದರೆ ಇನ್ನೆರಡು ವರ್ಷಕ್ಕೆ ಕೆಳಗೆ ಇಳಿಯುವುದೇ ನಿಲ್ಲುತ್ತದೆ ಎಂದು ಡಾಕ್ಟರು ಹೇಳಿದ್ದರು.

ಅದೇ ಕಟ್ಟಡದ ನೆಲಮಹಡಿಯಲ್ಲಿ ಗಡಿಯಾರ ರಿಪೇರಿಯವನೊಬ್ಬನ ಎರಡು ಕೋಣೆ ಇದ್ದವು, ರಸ್ತೆಗೆ ತೆರೆಯುವ ಅಗಲವಾದ ಕಿಟಕಿ. ಅವನು ಅಂಗಡಿಯನ್ನು ಬೇರೆ ಕಡೆಗೆ ಸಾಗಿಸುವವನಿದ್ದ. "ನಿಮಗೇ ಕೊಡ್ತೀನಿ ತಾಯಿ, ವರ್ಷದ ಕೊನೆವರೆಗೂ ಕಾಯ್ತೀನಿ" ಎಂದು ಮಾತು ಕೊಟ್ಟಿದ್ದ. ಗಂಡ ಹೆಂಡತಿ ಹನ್ನೊಂದು ವರ್ಷ ಕೂಡಿಟ್ಟಿದ್ದರು. ಬೆಲೆಯ ಐದು ಪಾಲಿನಲ್ಲಿ ನಾಲ್ಕು ಕೈಯಲ್ಲಿತ್ತು. ಒಂದು ಪಾಲು ಮಾತ್ರ ಕಡಿಮೆ. ಕಿಟಕಿಯ ಪಕ್ಕ ಮಿಷನ್ ಎಲ್ಲಿ ಬರಬೇಕು, ಅಳತೆ ಕೊಡುವವರು ಎಲ್ಲಿ ನಿಲ್ಲಬೇಕು ಎಂದು ಅವಳು ಸೀಮೆಸುಣ್ಣದಲ್ಲಿ ಗೀಟು ಹಾಕಿ ನನಗೆ ತೋರಿಸಿದ್ದಳು. ಆ ಐದನೇ ಪಾಲನ್ನು ಸಾಲ ಮಾಡಿ ತೀರಿಸಬಹುದಿತ್ತು. ಮರ್ಯಾದಸ್ಥರು ಮಾಡುವುದು ಅದನ್ನೇ.

ಅಷ್ಟರಲ್ಲಿ ಬಂತು ನೋಡಿ ಆ ಪೆಟ್ಟಿಗೆ.

ಹೊಸ ಬಗೆಯ ಪದಾರ್ಥ ಮಾಡುವ ಕಂಪನಿಯಂತೆ. ಇಂಗಾಲವನ್ನು ಕೂದಲಿಗಿಂತ ಸಾವಿರ ಪಾಲು ತೆಳುವಾದ ಹಾಳೆ ಮಾಡಿ, ಅದನ್ನು ಪ್ಲಾಸ್ಟಿಕ್ಕಿಗೆ ಬೆರೆಸಿದರೆ ಉಕ್ಕಿಗಿಂತ ಗಟ್ಟಿ, ಹತ್ತಿಗಿಂತ ಹಗುರವಂತೆ. ನಾಳೆಯ ವಿಮಾನ, ನಾಳೆಯ ಸೇತುವೆ, ನಾಳೆಯ ಪೈಪು ಎಲ್ಲವೂ ಅದರದೇ ಅಂತೆ. ಆ ಕಂಪನಿಯವರು ಹೇಳುವುದೆಲ್ಲ ನಾಳೆಯದೇ, ಇವತ್ತಿನದು ಏನೂ ಇಲ್ಲ. ಅವರ ಕಡೆಯಿಂದ ಇಸ್ತ್ರಿ ಮಾಡಿದ ಮನುಷ್ಯನೊಬ್ಬ ಬಂದ. ಮನುಷ್ಯನೇ ಇಸ್ತ್ರಿಯಾಗಿದ್ದ, ಅಂಗಿಯೊಂದೇ ಅಲ್ಲ. ಒಡವೆ ಇಡುವಂಥ ಮಖಮಲ್ಲಿನ ಪೆಟ್ಟಿಗೆ ತೆರೆದ. ಒಳಗೆ ಆರು ಕಪ್ಪು ಪಟ್ಟಿಗಳು, ಒಂದೊಂದೂ ಕಿರುಬೆರಳಿನಷ್ಟು ಅಗಲ.

ಆ ಬೆಳಿಗ್ಗೆ ನಾನು ಗೋಡೆಯ ಈಚೆ ಕಿವಿಗೊಟ್ಟು ಕೂತಿದ್ದೆ. ಯಂತ್ರ ಗುಂಯ್ ಎಂದಿತು. ಸದ್ದು ಏರಿತು, ಇನ್ನೂ ಏರಿತು. ಸಿಡಿಯಲಿಲ್ಲ. ಯಂತ್ರವೇ ಸುಸ್ತಾಗಿ ಟಕ್ಕೆಂದು ನಿಂತಿತು. ಎರಡನೆಯದೂ ಹಾಗೇ, ಆರನೆಯದೂ ಹಾಗೇ. ಮುರಿಯಣ್ಣ ನನ್ನ ಬಾಗಿಲಿಗೆ ಬಂದು ನಿಂತ. ಮುಖ ಕೆಂಪಾಗಿತ್ತು.

"ಅಕ್ಕಾ, ಮುರೀಲಿಲ್ಲ" ಎಂದ.

"ಯಂತ್ರ ಕೆಟ್ಟಿರಬೇಕು, ನೋಡಿ."

"ಯಂತ್ರ ಸರಿಯಿದೆ. ನಡುವೆ ಒಂದು ಸರಳು ಹಾಕಿ ನೋಡಿದೆ, ಅದು ಮುರೀತು. ಇದು ಮುರೀಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ನನ್ನ ಕೈಯಲ್ಲಿ ಮುರೀದೇ ಇರೋದು ಇದೊಂದೇ."

ಯಾವ ಗಂಡಸಿಗೂ ಈ ವಯಸ್ಸಿನಲ್ಲಿ ಇಂಥದೊಂದು ಆಗಬಾರದು. ಜೀವಮಾನವೆಲ್ಲ ಅನುಮಾನದಲ್ಲೇ ಕಳೆದವನು ಪ್ರೀತಿಯಲ್ಲಿ ಬಿದ್ದರೆ ಅವನನ್ನು ಎತ್ತಲು ಯಾರಿಂದಲೂ ಆಗುವುದಿಲ್ಲ. ನಾನು ರಿಪೋರ್ಟ್ ಟೈಪು ಮಾಡಿದೆ, ಅಡಿಯಲ್ಲಿ ಆ ಸಾಲನ್ನೂ ಹಾಕಿದೆ. ಅವನು ಓದದೆಯೇ ಸಹಿ ಹಾಕಿದ. ಅದೂ ಮೊದಲ ಸಲ.

ಎರಡು ವಾರಕ್ಕೆ ಕಂಪನಿ ಒಂದು ಹೊಳೆಯುವ ಪುಸ್ತಿಕೆ ಅಚ್ಚು ಹಾಕಿ ಷೇರು ಕೊಳ್ಳುವ ಜನಕ್ಕೆಲ್ಲ ಹಂಚಿತು. ನಡುವಿನ ಪುಟದಲ್ಲಿ ನಮ್ಮ ರಿಪೋರ್ಟಿನ ಚಿತ್ರ. ಮುರಿಯಣ್ಣ ಅದನ್ನು ಎಲ್ಲರಿಗೂ ತೋರಿಸುತ್ತ ತಿರುಗಿದ. ನನ್ನ ಮೇಜಿಗೂ ತಂದ. ನನ್ನ ಕಣ್ಣು ಹೋಗಿದ್ದೇ ಅಡಿಗೆ.

"ಕೊನೇ ಸಾಲು ಎಲ್ಲಿ ರೀ?" ಎಂದೆ.

"ಯಾವ ಸಾಲು?"

"ಯಾವ ಸಾಲು ಅಂತ ನನ್ನ ಕೇಳ್ತೀರಾ? ಸ್ಯಾಂಪಲ್ ಅವರೇ ಆರಿಸಿ ತಂದಿದ್ದು ಅನ್ನೋ ಸಾಲು. ಚಿತ್ರಾನ ಅದರ ಮೇಲಕ್ಕೇ ಕತ್ತರಿಸಿದ್ದಾರೆ."

ಅವನು ಪುಸ್ತಿಕೆಯನ್ನು ತಿರುಗಿಸಿ ನೋಡಿದ. "ಪುಟದಲ್ಲಿ ಜಾಗ ಸಾಲಲಿಲ್ಲವೇನೋ" ಎಂದ.

ಜಾಗ ಸಾಲಲಿಲ್ಲವಂತೆ! ಈರುಳ್ಳಿ ರಾಶಿಯನ್ನು ಉರುಳಿಸಿದ ಮನುಷ್ಯ ಆಡುವ ಮಾತೇ ಇದು? ಪಕ್ಕದ ಪುಟದಲ್ಲಿ ಬರೀ ಮೋಡದ ಚಿತ್ರವಿತ್ತು.

ಷೇರು ಕೊಳ್ಳುವ ಮುಂಚೆ ಅವನು ಅಪಾಯವನ್ನೂ ಲಾಭವನ್ನೂ ತೂಗಿ ನೋಡಿದ, ಇಲ್ಲವೆನ್ನುವುದಿಲ್ಲ. ಊಟದ ಹೊತ್ತಿನಲ್ಲಿ ಹಳೆಯ ಚೀಟಿಯೊಂದರ ಬೆನ್ನಿಗೆ ನಡುವೆ ಗೆರೆ ಎಳೆದು, ಎಡಕ್ಕೆ ಅಪಾಯ, ಬಲಕ್ಕೆ ಲಾಭ ಎಂದು ಬರೆದುಕೊಂಡು ನನ್ನೆದುರಿಗೆ ಕೂತ. ಎಡಗಡೆ ಬರೆದದ್ದೆಲ್ಲ ಸತ್ಯವೇ. ಕಂಪನಿ ಈವರೆಗೆ ಒಂದು ಗೇಣು ಸರಕನ್ನೂ ಮಾರಿಲ್ಲ. ಸಂಬಳ ಕೊಡುವುದಕ್ಕೇ ವರ್ಷವರ್ಷವೂ ಹೊಸ ಷೇರು ಹೊರಡಿಸುತ್ತಾರೆ, ಹಳಬರ ಪಾಲು ತೆಳ್ಳಗಾಗುತ್ತ ಹೋಗುತ್ತದೆ. ಕಾರ್ಖಾನೆ ಇನ್ನೂ ತಳಪಾಯದಲ್ಲೇ ನಿಂತಿದೆ. ಬೆರಳಗಲದ ಪಟ್ಟಿ ಮಾಡುವುದು ಬೇರೆ, ಸುರುಳಿಗಟ್ಟಲೆ ಒಂದೇ ಹದದಲ್ಲಿ ಮಾಡುವುದು ಬೇರೆ. ಎರಡನೆಯದನ್ನು ಯಾರೂ ಮಾಡಿ ತೋರಿಸಿಲ್ಲ. ಇಷ್ಟನ್ನೂ ಅಚ್ಚುಕಟ್ಟಾಗಿ ಬರೆದ. ಬಲಗಡೆ ಒಂದೇ ಸಾಲು: ನಾನೇ ಎಳೆದು ನೋಡಿದ್ದೇನೆ.

ಆಮೇಲೆ ಅಂಕ ಹಾಕಿದ. ಎಡಗಡೆಯ ನಾಲ್ಕಕ್ಕೂ ಸೇರಿ ಮೂವತ್ತು. ಬಲಗಡೆಯ ಒಂದಕ್ಕೇ ಎಪ್ಪತ್ತು.

"ಈ ಅಂಕ ಯಾವ ಯಂತ್ರ ಕೊಟ್ಟಿದ್ದು?" ಎಂದು ಕೇಳಿದೆ.

"ಸೋತರೆ ಅರ್ಧ ಹೋಗುತ್ತೆ ಅಕ್ಕ, ಗೆದ್ದರೆ ಐದು ಪಟ್ಟು. ಲೆಕ್ಕ ಸರಿಯಾಗೇ ಇದೆ."

"ಸೋತರೆ ಅರ್ಧಾನೇ ಹೋಗೋದು ಅಂತ ಯಾರು ಹೇಳಿದ್ರು?"

"ಪುಸ್ತಿಕೆಯಲ್ಲಿದೆ."

"ಹೋಗಲಿ, ಒಂದು ಪಾಲು ಹಾಕಿ. ಮನೆ ದುಡ್ಡು ಪೂರ್ತಿ ಹಾಕ್ತೀರಾ?"

"ಅರ್ಧ ಹಾಕಿದ್ರೆ ಅರ್ಧ ನಂಬಿಕೆ ಅಂತಾಯ್ತು. ನೋಡಿ ಅಕ್ಕ, ನೀವು ಟೈಪ್ ಮಾಡೋರು. ನಾನು ಕೈಯಾರೆ ಎಳೆದಿದ್ದೀನಿ. ಕೈಗೆ ಗೊತ್ತಾಗೋದು ಬೆರಳಚ್ಚಿಗೆ ಗೊತ್ತಾಗಲ್ಲ."

ನೀವು ಟೈಪ್ ಮಾಡೋರಂತೆ! ಅವನ ಕಾಗುಣಿತವನ್ನು ಇಪ್ಪತ್ತನಾಲ್ಕು ವರ್ಷ ತಿದ್ದಿದ್ದಕ್ಕೆ ಸಿಕ್ಕ ಸನ್ಮಾನ ಅದು. ಹಾಳಾಗಿ ಹೋಗಲಿ ಎಂದುಕೊಂಡೆ, ಮನಸಾರೆ.

ಹೆಂಡತಿಯನ್ನಾದರೂ ಎಚ್ಚರಿಸೋಣವೆಂದು ಒಂದು ಬಟ್ಟೆ ನೆಪ ಮಾಡಿ ಮೆಟ್ಟಿಲು ಹತ್ತಿದೆ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಕ್ಕಳು. "ಅಕ್ಕಾ, ಅವರು ನಾನು ಇಟ್ಟ ನೀರನ್ನೂ ನೋಡಿ ಕುಡಿಯೋರು. ಅಂಥವರೇ ನಂಬಿದ್ದಾರೆ ಅಂದ್ಮೇಲೆ ಅದರಲ್ಲಿ ಏನೋ ಇರಬೇಕು" ಎಂದಳು. ಯಾರನ್ನೂ ನಂಬದವನು ನಂಬಿದ್ದೇ ಅವಳಿಗೆ ಸಾಕ್ಷಿ. ಮನೆಗೆಂದು ಕೂಡಿಟ್ಟ ದುಡ್ಡೆಲ್ಲ ಷೇರಾಯಿತು. ಊರಿನ ಜನಕ್ಕೂ ಅದೇ ಸಾಕ್ಷಿ ಸಾಕಾಯಿತು. ನಮ್ಮ ಕಾವಲುಗಾರ, ಟೀ ಅಂಗಡಿಯವನು, ಗಡಿಯಾರ ರಿಪೇರಿಯವನು, ಒಬ್ಬರ ಹಿಂದೆ ಒಬ್ಬರು ಅಷ್ಟಿಷ್ಟು ಷೇರು ಕೊಂಡರು.

ಮೂರು ತಿಂಗಳಲ್ಲಿ ಬೆಲೆ ಎರಡು ಪಟ್ಟಾಯಿತು.

ಐದನೇ ಪಾಲು ಕೈಗೆ ಬಂತು, ಅದಕ್ಕಿಂತ ಹೆಚ್ಚೇ ಬಂತು. ಅವತ್ತೇ ಮಾರಿದ್ದರೆ ನೆಲಮಹಡಿಯ ಕೀಲಿಕೈ ಆ ವಾರವೇ ಅವಳ ಸೊಂಟದಲ್ಲಿರುತ್ತಿತ್ತು. ಹೇಳಿದೆ, ಬಿಟ್ಟೆನೆಂದು ತಿಳಿಯಬೇಡಿ. "ಐದು ಪಟ್ಟು ಅಂದ್ಕೊಂಡಿದ್ದೀನಲ್ಲ ಅಕ್ಕ, ಎರಡಕ್ಕೆ ಯಾಕೆ ಇಳೀಲಿ?" ಎಂದ. ಅವನ ನಡಿಗೆಯೇ ಬದಲಾಗಿತ್ತು. ಗಿರಾಕಿಗಳಿಗೆ ಗೊಣಗುವುದನ್ನು ಬಿಟ್ಟು ಸಿಳ್ಳೆ ಹಾಕುತ್ತ ಕ್ಯೂಬ್ ಒಡೆಯುತ್ತಿದ್ದ. ಅವನನ್ನು ನೋಡಿದರೆ ನನಗೆ ಎದೆಯಲ್ಲಿ ಹುಳಿ ತೇಗು ಬಂದಂತಾಗುತ್ತಿತ್ತು.

ಈಗ ಹೇಳಲೇಬೇಕಾದ್ದನ್ನು ಹೇಳಿಬಿಡುತ್ತೇನೆ, ಇಲ್ಲವಾದರೆ ಈ ಕಥೆ ಹೇಳುವ ಯೋಗ್ಯತೆಯೂ ನನಗಿಲ್ಲ. ಆ ವಾರವೇ ನಾನೂ ಕೊಂಡೆ. ಯಾರಿಗೂ ಹೇಳದೆ, ಮೊಬೈಲಿನಲ್ಲಿ, ನನ್ನ ಉಳಿತಾಯದ ಅರ್ಧಕ್ಕೆ. ಕತ್ತರಿಸಿದ ಸಾಲನ್ನು ಕಂಡುಹಿಡಿದವಳು ನಾನು, ಎಡಗಡೆಯ ನಾಲ್ಕು ಅಪಾಯಗಳನ್ನು ತಲೆಕೆಳಗಾಗಿ ಓದಿದವಳು ನಾನು, ಆದರೂ ಕೊಂಡೆ. ಅವನಿಗಾದರೂ ಪ್ರೀತಿಯೆಂಬ ನೆಪವಿತ್ತು. ನನಗಿದ್ದದ್ದು ಇಷ್ಟೇ: ಅಂಥ ಪೆದ್ದನಿಗೆ ಸಿಗುವುದು ನನಗೇಕೆ ಸಿಗಬಾರದು.

ಬೆಲೆ ಮೂರು ಪಟ್ಟಾಗುವುದರಲ್ಲಿತ್ತು. ಆಗ ಪೈಪು ಮಾಡುವ ಗಿರಾಕಿಯೊಬ್ಬ ಬಂದ, ನಮ್ಮ ಹಳೆಯ ಪರಿಚಯದವನು. ಆ ಕಂಪನಿ ಮಾಡಿದ ಮೊದಲ ಸುರುಳಿಗಳನ್ನು ಕೊಂಡವನು ಅವನೇ. ಪೈಪಿಗೆ ಸುತ್ತುವ ಮುಂಚೆ ಒಮ್ಮೆ ಪರೀಕ್ಷೆಯಾಗಲಿ ಎಂದು ನಮ್ಮಲ್ಲಿಗೆ ಬಂದಿದ್ದ. ಮುರಿಯಣ್ಣ ಮದುವೆ ಗಂಡಿನ ಹಾಗೆ ತಲೆ ಬಾಚಿಕೊಂಡು ಗಿರಾಕಿಯ ಗೋದಾಮಿಗೆ ಹೋದ. ತನ್ನ ಪದ್ಧತಿಯಂತೆ ಸುರುಳಿಗಳನ್ನು ಬಿಚ್ಚಿಸಿ, ನಡುವಿನಿಂದ, ಅಂಚಿನಿಂದ, ತಳದಿಂದ ಹನ್ನೆರಡು ಪಟ್ಟಿ ಕತ್ತರಿಸಿ ತಂದ. ಈ ಸಲ ಆರಿಸಿದವನು ಅವನೇ.

ನಾನು ಈಚೆ ಕೂತು ಕೇಳಿದೆ. ಯಂತ್ರ ಗುಂಯ್ ಎಂದು ಶುರುವಾಗಿ ಇನ್ನೂ ಕಾಲುಭಾಗ ಏರಿಲ್ಲ, ಪಟ್ ಎಂದಿತು. ಒಣಗಿದ ಕಡ್ಡಿ ಮುರಿದಷ್ಟೇ ಸದ್ದು. ಎರಡನೆಯದು ಪಟ್. ಮೂರನೆಯದಕ್ಕೆ ಸದ್ದೂ ಬರಲಿಲ್ಲ. ಹನ್ನೆರಡೂ ಮುಗಿಯಲು ಅರ್ಧ ಗಂಟೆ ಹಿಡಿಯಲಿಲ್ಲ.

ಅವನು ಚೀಟಿ ತಂದು ನನ್ನ ಮೇಜಿನ ಮೇಲಿಟ್ಟ. ಅಕ್ಷರ ಎಂದಿನಂತೆ ನೆಟ್ಟಗಿತ್ತು. ನಾನು ಟೈಪು ಮಾಡಿದೆ, ಅವನು ನಿಂತೇ ಓದಿದ, ಒಂದು ಅಲ್ಪವಿರಾಮ ತಿದ್ದಿಸಿದ, ಸಹಿ ಹಾಕಿದ.

"ಈಗ?" ಎಂದೆ.

"ಈಗೇನು?"

"ಈ ರಿಪೋರ್ಟ್ ಆ ಪೈಪಿನವನ ಕೈ ಸೇರಿ, ಅವನು ಸರಕು ವಾಪಸ್ ಕಳಿಸಿ, ಅದು ಹೊರಗೆ ಗೊತ್ತಾಗೋಕೆ ಇನ್ನೂ ಎಷ್ಟೋ ದಿನ ಹಿಡಿಯುತ್ತೆ. ಇವತ್ತೇ ಮಾರಿಬಿಡಿ. ಬೆಲೆ ಮೂರು ಪಟ್ಟಾಗಿದೆ. ನೆಲಮಹಡಿ ತಗೊಂಡು ಮಿಕ್ಕಿದ್ದರಲ್ಲಿ ಅವಳ ಮಂಡಿಗೂ ಏನಾದ್ರೂ ಮಾಡಿಸಿ."

ಅವನು ನನ್ನನ್ನು ಅಚ್ಚರಿಯಿಂದ ನೋಡಿದ. "ಕಾಗದಕ್ಕೆ ಸಹಿ ಹಾಕಿದ್ದೀವಲ್ಲ ಅಕ್ಕ."

ಆ ಕಾಗದ ಹೌದು, ಇದೆ. ಕೆಲಸಕ್ಕೆ ಸೇರುವ ದಿನ ಎಲ್ಲರೂ ಹಾಕುವ ಸಹಿ: ಇಲ್ಲಿ ಕಂಡದ್ದು ದುಡ್ಡು ಕೊಟ್ಟ ಗಿರಾಕಿಯ ಸೊತ್ತು, ಅದನ್ನು ಹೊರಗೆ ಹೇಳಬಾರದು, ಅದರಿಂದ ಸ್ವಂತಕ್ಕೆ ಲಾಭ ಮಾಡಿಕೊಳ್ಳಬಾರದು. ಮೊದಲು ಕೊಳ್ಳುವಾಗಲೂ ಈ ಪುಣ್ಯಾತ್ಮ, ರಿಪೋರ್ಟು ಮೊದಲು ಎಲ್ಲರಿಗೂ ತಿಳಿಯಲಿ ಎಂದು, ಪುಸ್ತಿಕೆ ಹೊರಬರುವವರೆಗೆ ಎರಡು ವಾರ ಕಾದಿದ್ದನಂತೆ. ಅದನ್ನು ಅವತ್ತು ಹೇಳಿದ.

"ಯಾರಿಗೆ ಗೊತ್ತಾಗುತ್ತೆ ರೀ?"

"ನಾನು ಮಾರಿದ್ರೆ ಯಾರೋ ಒಬ್ಬ ಕೊಂಡ್ಕೋತಾನಲ್ಲ. ಅವನಿಗೆ ಈ ಹನ್ನೆರಡು ಪಟ್ಟಿ ವಿಷಯ ಗೊತ್ತಿರಲ್ಲ."

"ಅವನ ಉಸಾಬರಿ ನಿಮಗ್ಯಾಕೆ? ನಿಮ್ಮ ಹೆಂಡತಿ ನಾಲ್ಕನೇ ಮಹಡಿಯಲ್ಲಿದ್ದಾಳೆ."

"ಅವನ ಹೆಂಡತಿ ಎಷ್ಟನೇ ಮಹಡಿಯಲ್ಲಿದ್ದಾಳೋ, ಅದೂ ಗೊತ್ತಿಲ್ವಲ್ಲ ಅಕ್ಕ" ಎಂದು ಹೇಳಿ ಯಂತ್ರದ ಕಡೆ ಹೋದ.

ಇಂಥವನನ್ನು ಏನೆಂದು ಕರೆಯಬೇಕು? ತನ್ನನ್ನು ಉಳಿಸಬಹುದಾಗಿದ್ದ ನಿಯಮವನ್ನು ಮಖಮಲ್ಲಿನ ಪೆಟ್ಟಿಗೆ ಕಂಡ ದಿನ ಮರೆತ. ತನ್ನನ್ನು ಮುಳುಗಿಸುವ ನಿಯಮವನ್ನು ಮಾತ್ರ ಅಕ್ಷರಶಃ ನೆನಪಿಟ್ಟುಕೊಂಡ. ಒಂದು ನಿಯಮ ಮುರಿದವನಿಗೆ ಇನ್ನೊಂದನ್ನು ಮುರಿಯಲು ಏನು ಧಾಡಿ? ಅವನ ಬೆನ್ನನ್ನು ನೋಡುತ್ತ ನನಗೆ ಉಗಿಯಬೇಕೆನ್ನಿಸಿತು.

ಊಟದ ಹೊತ್ತಿಗೆ ನಾನು ಕಟ್ಟಡದ ಹಿಂದೆ, ಒಡೆದ ಕ್ಯೂಬುಗಳ ರಾಶಿಯ ಪಕ್ಕ ನಿಂತು ಮೊಬೈಲ್ ತೆಗೆದೆ. ಮಾರಬೇಕೇ ಎಂದು ಕೇಳಿತು, ಹೌದು ಎಂದು ಒತ್ತಿದೆ. ಖಚಿತವೇ ಎಂದು ಕೇಳಿತು, ಅದಕ್ಕೂ ಒತ್ತಿದೆ. ಅಷ್ಟೇ. ಒಳಗೆ ಬಂದು ಡಬ್ಬಿ ಬಿಚ್ಚಿ ಊಟ ಮಾಡಿದೆ, ಒಂದು ಅಗುಳೂ ಬಿಡದೆ. ಯಾರೋ ಒಬ್ಬ ನನ್ನ ಷೇರುಗಳನ್ನು ಕೊಂಡ. ಅವನು ಎಷ್ಟನೇ ಮಹಡಿಯವನೋ ನಾನು ಯೋಚಿಸಲಿಲ್ಲ.

ಐದು ವಾರ ಕಳೆಯಿತು. ಆ ಐದು ವಾರವೂ ಅವನು ದಿನಾ ಬೆಳಿಗ್ಗೆ ಪೇಪರಿನಲ್ಲಿ ಬೆಲೆ ನೋಡುತ್ತಿದ್ದ, ಮಡಚಿಡುತ್ತಿದ್ದ, ಕೆಲಸಕ್ಕೆ ತೊಡಗುತ್ತಿದ್ದ. ಬೆಲೆ ಇನ್ನೂ ಏರುತ್ತಲೇ ಇತ್ತು, ಅದೊಂದು ಅಣಕ. ಟೀ ಅಂಗಡಿಯವನು "ಅಣ್ಣಾ, ಇನ್ನಷ್ಟು ತಗೊಳ್ಳಲಾ?" ಎಂದು ಕೇಳಿದಾಗ ಇವನು ಲೋಟ ಕೆಳಗಿಟ್ಟು, "ನನ್ನ ಕೇಳಬೇಡ, ನಾನು ಹೇಳೋ ಹಾಗಿಲ್ಲ" ಎಂದ. ಅಂಗಡಿಯವನು ಅದನ್ನು ಒಳ್ಳೆಯ ಸುದ್ದಿಯ ಗುಟ್ಟೆಂದು ತಿಳಿದು ಮರುದಿನವೇ ಇನ್ನಷ್ಟು ಕೊಂಡ. ಪ್ರಾಮಾಣಿಕತೆಯಿಂದ ಆಗುವ ಉಪಕಾರ ಇಷ್ಟೇ.

ಆಮೇಲೆ ಪೈಪಿನವನು ಸರಕು ವಾಪಸ್ ಕಳಿಸಿದ್ದು ಸುದ್ದಿಯಾಯಿತು. ಒಂದೇ ವಾರದಲ್ಲಿ ಬೆಲೆ ಹತ್ತನೇ ಒಂದಕ್ಕೆ ಇಳಿಯಿತು, ಅಲ್ಲಿಂದಲೂ ಇಳಿಯಿತು. ಇಸ್ತ್ರಿಯ ಮನುಷ್ಯ ಬೇರೆ ಯಾವುದೋ ನಾಳೆಯನ್ನು ಮಾರಲು ಬೇರೆ ಕಂಪನಿ ಸೇರಿದನಂತೆ. ಗಡಿಯಾರ ರಿಪೇರಿಯವನು ಮಾತಿನಂತೆ ವರ್ಷದ ಕೊನೆವರೆಗೂ ಕಾದ. ಇವರಿಂದಾಗುವುದಿಲ್ಲವೆಂದು ತಿಳಿದ ಮೇಲೆ ಚಪ್ಪಲಿ ವ್ಯಾಪಾರಿಯೊಬ್ಬನಿಗೆ ಮಾರಿದ. ಈಗ ಆ ಎರಡು ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳಿವೆ. ಅಗಲದ ಕಿಟಕಿಗೂ ಅಡ್ಡವಾಗಿ ಪೆಟ್ಟಿಗೆ ಪೇರಿಸಿದ್ದಾರೆ.

ಹೋದ ತಿಂಗಳು ನಾನು ಬಟ್ಟೆ ಕೊಡಲು ಹೋದೆ. ಹೋಗದೆ ಇರಬಹುದಿತ್ತು, ಬೇರೆ ದರ್ಜಿಗಳಿದ್ದಾರೆ. ಆದರೂ ಹೋದೆ. ಅವಳು ಎರಡನೇ ಮಹಡಿಯ ಮೆಟ್ಟಿಲ ಮೇಲೆ ಚೀಲ ಪಕ್ಕಕ್ಕಿಟ್ಟು ಕೂತಿದ್ದಳು. ಮಂಡಿ ಊದಿದ್ದು ಸೀರೆಯ ಮೇಲಿಂದಲೇ ಕಾಣುತ್ತಿತ್ತು. "ಬನ್ನಿ ಅಕ್ಕ, ಕೂತ್ಕೊಳಿ, ಒಟ್ಟಿಗೆ ಹತ್ತೋಣ" ಎಂದಳು. ಪಕ್ಕದಲ್ಲಿ ಕೂತೆ.

ಮಂಡಿ ನೀವಿಕೊಳ್ಳುತ್ತ ಕೇಳಿದಳು. "ನೀವು ಯಾರ ಮುಲಾಜೂ ನೋಡದೆ ಮಾತಾಡೋರು. ಒಂದು ಮಾತು ಹೇಳ್ತೀರಾ? ನನ್ನ ಗಂಡನಿಗೆ ತಲೆ ಕೆಟ್ಟಿದೆಯಾ?"

"ಯಾಕೆ ಹಾಗಂತೀಯ?"

"ಬೆಲೆ ಬೀಳೋದು ಐದು ವಾರ ಮುಂಚೆನೇ ಗೊತ್ತಿತ್ತಂತೆ. ಎರಡು ವಾರದ ಹಿಂದೆ ಹೇಳಿದ್ರು. ಮಾರೋದು ತಪ್ಪಾಗ್ತಿತ್ತು, ಅದಕ್ಕೇ ಮಾರಲಿಲ್ಲ ಅಂದ್ರು. ನನಗೆ ಅವತ್ತಿಂದ ಅವರ ಜೊತೆ ಮಾತಾಡೋಕೇ ಆಗ್ತಿಲ್ಲ. ಮನೆ ಹೋಗಿದ್ದಕ್ಕಲ್ಲ ಅಕ್ಕ. ನಾನೊಬ್ಬ ಹುಚ್ಚನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೆನಾ ಅಂತ."

ನಾನು ಕಂಬಿಯ ತುಕ್ಕನ್ನು ಉಗುರಿನಲ್ಲಿ ಕೆರೆಯುತ್ತಿದ್ದೆ.

"ಆ ರಿಪೋರ್ಟ್ ನೀವೇ ಅಲ್ವಾ ಟೈಪ್ ಮಾಡಿದ್ದು? ನಿಮ್ಮ ಹತ್ತಿರ ಆ ಷೇರು ಇದ್ದಿದ್ರೆ, ಅವತ್ತು ನೀವು ಮಾರ್ತಿದ್ರಾ?"

ನಿಜ ಹೇಳಿದರೆ ಅವಳ ಗಂಡ ಹುಚ್ಚನಾಗುತ್ತಾನೆ, ನಾನು ಏನಾಗುತ್ತೇನೋ ಅದನ್ನು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ದುಡ್ಡು ನನ್ನಲ್ಲಿ ಹಾಗೇ ಇದೆ. ಇವಳಿಗೆ ಕೊಡೋಣವೆಂದು ಎಷ್ಟೋ ಸಲ ಅನ್ನಿಸಿದೆ. ಎಲ್ಲಿಂದ ಬಂತು ಅಕ್ಕ ಎಂದು ಕೇಳುತ್ತಾಳಲ್ಲ ಎಂದು ಸುಮ್ಮನಾಗಿದ್ದೇನೆ. ಅದೂ ನೆಪವೇ, ನನಗೆ ಗೊತ್ತು.

"ಇಲ್ಲ ಕಣೆ" ಎಂದೆ. "ನಾನೂ ಮಾರ್ತಿರಲಿಲ್ಲ."

ಅವಳ ಮುಖದ ಬಿಗಿ ಸಡಿಲಾಯಿತು. ಕಣ್ಣೊರೆಸಿಕೊಂಡು ನಕ್ಕಳು. "ಹಾಗಾದ್ರೆ ಸರಿ ಬಿಡಿ. ನಿಮ್ಮಂಥವರೂ ಹಾಗೇ ಮಾಡ್ತಿದ್ರಿ ಅಂದ್ಮೇಲೆ ಅವರು ಹುಚ್ಚರಲ್ಲ. ಈ ಕಾಲದಲ್ಲಿ ಇಬ್ಬರಾದ್ರೂ ಇದ್ದೀರಲ್ಲ ಒಂದೇ ಕಡೆ" ಎಂದು ಕಂಬಿ ಹಿಡಿದು ಎದ್ದಳು. ಬೇಡವೆಂದರೂ ನನ್ನ ಕೈಯಿಂದ ಬಟ್ಟೆಯ ಚೀಲ ಕಿತ್ತುಕೊಂಡು ತನ್ನದರ ಜೊತೆ ಹೊತ್ತು ಮುಂದೆ ಹತ್ತಿದಳು. ಮೂವತ್ತಾರು ಮೆಟ್ಟಿಲು ನಾನು ಅವಳ ಹಿಂದೆ ಕೈಬೀಸಿಕೊಂಡು ಹತ್ತಿದೆ.

ಮೇಲೆ ಮುರಿಯಣ್ಣ ಕಿಟಕಿ ಪಕ್ಕ ಕೂತು ಪೇಪರ್ ಓದುತ್ತಿದ್ದ. ಅವಳು ಅವನ ಹೆಗಲು ಮುಟ್ಟಿ "ಟೀ ಇಡಲಾ?" ಎಂದು ಕೇಳಿದಳು. ಬಹಳ ದಿನದ ಮೇಲೆ ಅವಳು ಆಡಿದ ಮಾತಿರಬೇಕು, ಅವನು ಪೇಪರ್ ಕೆಳಗಿಟ್ಟು ಅವಳನ್ನೇ ನೋಡಿದ. ಆಮೇಲೆ ಅವಳು ನನ್ನ ಅಳತೆ ತೆಗೆದಳು. ಹೊಲಿಗೆಯ ಮುಂಗಡ ಕೊಡಲು ನಾನು ಪರ್ಸ್ ತೆಗೆದಾಗ ನನ್ನ ಕೈ ಹಿಡಿದು, "ಈ ಸಲ ನಿಮ್ಮ ಹತ್ತಿರ ದುಡ್ಡು ತಗೊಳ್ಳಲ್ಲ ಅಕ್ಕ" ಎಂದಳು. ನಾನು ಪರ್ಸನ್ನು ಮತ್ತೆ ಕೈಚೀಲದೊಳಗೆ ಇಟ್ಟುಕೊಂಡೆ.